ಸ್ಪೋರ್ಟ್ಸ್ ಕಾರು ಮತ್ತು ದಾರಿಹೋಕರ ಕಣ್ಣು

ಪಾರಿಶ್ವಾಡ (ಖಾನಾಪುರ ತಾಲ್ಲೂಕು): ಮುಂಬೈ, ಪುಣೆ ಕಡೆಯಿಂದ ಗೋವಾಕ್ಕೆ ಹೊರಟ ದುಬಾರಿ ಸ್ಪೋರ್ಟ್ಸ್ ಕಾರುಗಳು ಬೆಳಗಾವಿ ದಾಟಿ ಖಾನಾಪುರ ತಾಲ್ಲೂಕಿನ ರಸ್ತೆಗಳಲ್ಲಿ ಕಾಣಿಸಿಕೊಳ್ಳುವುದು ಈಗ ಹೊಸ ಸಂಗತಿಯೇನಲ್ಲ. ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಟ್ಟ ಇಳಿಯುವವರೂ ಉಂಟು, ಖಾನಾಪುರ ಪಟ್ಟಣದ ಮೂಲಕ ಅನಮೋಡ ಘಟ್ಟ ಹಿಡಿಯುವವರೂ ಉಂಟು. ಆದರೆ ಹೆದ್ದಾರಿಗಳಿಂದ ಒಳಗಿರುವ ಪಾರಿಶ್ವಾಡದಂತಹ ಊರಿಗೆ ಅಂಥದೊಂದು ಕಾರು ಬಂತೆಂದರೆ ಅದು ಇಂದಿಗೂ ಅಪರೂಪದ ಘಟನೆಯೇ ಸರಿ. ಚಹಾದಂಗಡಿಯ ಮುಂದೆ ಕುಳಿತವರು ಎದ್ದು ನಿಲ್ಲುತ್ತಾರೆ, ಶಾಲೆಯಿಂದ ಮರಳುವ ಮಕ್ಕಳು ಓಡಿಬರುತ್ತಾರೆ, ಹತ್ತಾರು ಮೊಬೈಲುಗಳು ಮೇಲೇಳುತ್ತವೆ.

ಕಾರಿನ ಒಳಗೆ ಕುಳಿತವರಿಗೂ ಹೊರಗೆ ನಿಂತವರಿಗೂ ಪರಸ್ಪರ ಪರಿಚಯವಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಅವರ ನಡುವೆ ಕುತೂಹಲ, ಗೌರವ, ಅಸೂಯೆ, ಅನುಮಾನ, ಕೆಲವೊಮ್ಮೆ ಕೋಪ ಸುಳಿದುಹೋಗುತ್ತವೆ. ಈ ಭಾವನೆಗಳು ಹುಟ್ಟುವುದು ಕಾರಿನ ಬೆಲೆಯಿಂದಲೇ ಎಂಬುದು ಸಾಮಾನ್ಯ ನಂಬಿಕೆ. ವಿಷಯವನ್ನು ಸ್ವಲ್ಪ ಆಳವಾಗಿ ನೋಡಿದರೆ ಬೇರೊಂದು ಸತ್ಯ ಗೋಚರಿಸುತ್ತದೆ. ಜನರು ಅಳೆಯುವುದು ಬೆಲೆಯನ್ನಲ್ಲ. ಆ ಕಾರು ರಸ್ತೆಯನ್ನು ಉಳಿದವರೊಡನೆ ಹೇಗೆ ಹಂಚಿಕೊಳ್ಳುತ್ತದೆ ಎಂಬುದನ್ನು.

ಉಬ್ಬಿನ ಬಳಿ ಭೇಟಿ

ಹಳ್ಳಿಯಲ್ಲಿ ಸ್ಪೋರ್ಟ್ಸ್ ಕಾರು ಮತ್ತು ಜನರ ಭೇಟಿ ಹೆಚ್ಚಾಗಿ ನಡೆಯುವುದು ರಸ್ತೆ ಉಬ್ಬಿನ ಬಳಿ. ಇದಕ್ಕೆ ಸರಳವಾದ ಕಾರಣವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಊರವರೇ ಒತ್ತಾಯಿಸಿ ಹಾಕಿಸಿಕೊಂಡ ಉಬ್ಬುಗಳು ಈ ಅಳತೆಗೆ ಒಳಪಡುವುದು ಕಡಿಮೆ. ಅವು ಇನ್ನೂ ಎತ್ತರವಾಗಿ, ಕಡಿದಾಗಿ ಇರುತ್ತವೆ. ಸ್ಪೋರ್ಟ್ಸ್ ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರವೋ ಸಾಮಾನ್ಯವಾಗಿ 11ರಿಂದ 13 ಸೆಂಟಿಮೀಟರ್ ಮಾತ್ರ. ಮೂರು ನಾಲ್ಕು ಸೆಕೆಂಡುಗಳಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಬಲ್ಲ ಯಂತ್ರ ಇಲ್ಲಿ ಅನಿವಾರ್ಯವಾಗಿ ನಿಲ್ಲುತ್ತದೆ.

ಆಗ ಮೊದಲು ಬರುವುದು ಸಹಾಯ. "ಸಾವಕಾಶ, ಅಡ್ಡ ತಿರುವಿ ಹತ್ತಸ್ರೀ" ಎಂದು ಒಬ್ಬರು ಮುಂದೆ ನಿಂತು ಕೈ ತೋರಿಸುತ್ತಾರೆ. ಇನ್ನೊಬ್ಬರು ಬಗ್ಗಿ ತಳ ತಾಗುತ್ತದೆಯೇ ಎಂದು ನೋಡುತ್ತಾರೆ. ಕಾರು ದಾಟಿದ ಮೇಲೆ ಪ್ರಶ್ನೆಗಳು ಆರಂಭವಾಗುತ್ತವೆ: ಯಾವ ಕಂಪನಿ, ಎಷ್ಟು ಬೆಲೆ, ಯಾವ ಊರು. ಇವೆಲ್ಲಕ್ಕಿಂತ ಖಚಿತವಾಗಿ ಬರುವ ಪ್ರಶ್ನೆಯೆಂದರೆ, "ಸಾಹೇಬ್ರ, ಆವರೇಜ್ ಎಷ್ಟ್ ಕೊಡತೈತ್ರೀ?"

ಕೋಟಿಗಟ್ಟಲೆ ಬೆಲೆಯ ಕಾರಿಗೆ ಇಂಧನದ ಲೆಕ್ಕ ಕೇಳುವುದನ್ನು ನಗರದವರು ತಮಾಷೆಯಾಗಿ ಹೇಳಿಕೊಳ್ಳುವುದುಂಟು. ಆದರೆ ಈ ಪ್ರಶ್ನೆಯಲ್ಲಿ ಅಜ್ಞಾನವೂ ಇಲ್ಲ, ಅಣಕವೂ ಇಲ್ಲ. ಕಬ್ಬು, ಭತ್ತ ಬೆಳೆಯುವ ಪ್ರದೇಶದಲ್ಲಿ ಡೀಸೆಲ್ ಒಂದು ಬೇಸಾಯದ ಖರ್ಚು. ಟ್ರ್ಯಾಕ್ಟರ್ ಕೊಳ್ಳುವವನು ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತದೆ ಎಂದು ಕೇಳಿಯೇ ಕೊಳ್ಳುತ್ತಾನೆ. ಅದೇ ಮಾಪನವನ್ನು ಅಪರಿಚಿತ ಕಾರಿಗೂ ಹಚ್ಚುವುದೆಂದರೆ ಅದನ್ನು ತನ್ನ ಲೋಕದೊಳಗೆ ಸೇರಿಸಿಕೊಂಡಂತೆ. ಲೀಟರಿಗೆ ಆರೇಳು ಕಿ.ಮೀ. ಎಂಬ ಉತ್ತರ ಬಂದಾಗ ಏಳುವ ನಗೆಯಲ್ಲಿ ಕೊಂಚ ಸಮಾಧಾನವೂ ಇರುತ್ತದೆ. ಆ ಒಂದು ಲೆಕ್ಕದಲ್ಲಿ ತನ್ನ ಮೋಟಾರ್‌ಸೈಕಲ್ಲೇ ಮೇಲು.

ಎತ್ತಿನ ಮುಂದೆ ನೆರೆಯುವ ಜನ

ಒಳ್ಳೆಯ ವಾಹನದ ಸುತ್ತ ಜನ ಸೇರುವ ರೂಢಿ ಕಾರಿನೊಂದಿಗೆ ಬಂದದ್ದಲ್ಲ. ಕಾರಹುಣ್ಣಿಮೆಯ ದಿನ ಬಣ್ಣ ಬಳಿದು, ಕೊಂಬಿಗೆ ಕೊಂಬಣಸು ತೊಡಿಸಿ, ಬೆನ್ನಿಗೆ ಜೂಲು ಹೊದಿಸಿ ಮೆರವಣಿಗೆ ಮಾಡುವ ಎತ್ತುಗಳನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ದಾರಿಯುದ್ದಕ್ಕೂ ಜನರ ಕಣ್ಣು ತಮ್ಮ ಜೋಡಿಯ ಮೇಲೆ ಬೀಳಲೆಂದೇ ಬಯಸುತ್ತಾರೆ. ಒಳ್ಳೆಯ ಎತ್ತು ಕಂಡವರು ಮೊದಲು ಕೇಳುವುದು "ಯಾರ ಎತ್ತ್ರೀ ಇವು?" ಎಂದು. ಮಾಲೀಕ ಮುಂದೆ ಬಂದು ಹಲ್ಲು ತೋರಿಸುತ್ತಾನೆ, ತಳಿ ಹೇಳುತ್ತಾನೆ, ಬೆನ್ನು ಚಪ್ಪರಿಸಲು ಬಿಡುತ್ತಾನೆ. ನೋಡುವವನಿಗೂ ತೋರಿಸುವವನಿಗೂ ಇಲ್ಲಿ ಪಾಲಿದೆ.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಒಪ್ಪಂದ ಮುರಿಯುತ್ತದೆ. ಎತ್ತನ್ನು ಮುಟ್ಟಿದಂತೆಯೇ ಕಾರನ್ನೂ ಮುಟ್ಟಿ ನೋಡಬೇಕೆಂಬ ಆಸೆ ಜನರಿಗೆ ಸಹಜ. ಬಣ್ಣಕ್ಕೆ ಒಂದು ಗೀರು ಬಿದ್ದರೂ ದುರಸ್ತಿಗೆ ಲಕ್ಷಗಟ್ಟಲೆ ತೆರಬೇಕಾದ ಮಾಲೀಕನಿಗೆ ಪ್ರತಿ ಕೈಯೂ ಅಪಾಯವಾಗಿ ಕಾಣುತ್ತದೆ. ಬಾನೆಟ್ಟಿಗೆ ಒರಗಿ ಫೋಟೊ ತೆಗೆಸಿಕೊಳ್ಳುವವರು, ಬಾಗಿಲು ತೆರೆಯಲು ನೋಡುವವರು, ಮಗುವನ್ನು ಒಳಗೆ ಕೂರಿಸಿ ಎನ್ನುವವರು, ಇವರ ನಡುವೆ ಒಂದು ಲೋಟ ಚಹಾ ನಿಶ್ಚಿಂತೆಯಿಂದ ಕುಡಿಯುವುದೂ ಅವನಿಗೆ ಕಷ್ಟ. ಆತ ಗದರಿದರೆ ಗುಂಪಿಗೆ ಅವಮಾನವಾಗುತ್ತದೆ. ಸುಮ್ಮನಿದ್ದರೆ ಆತನಿಗೆ ಆತಂಕ ತಪ್ಪದು. ಇಬ್ಬರಲ್ಲಿ ಯಾರ ಮನಸ್ಸಿನಲ್ಲೂ ಕೇಡಿಲ್ಲದೆಯೇ ಮೊದಲ ಬಿರುಕು ಕಾಣಿಸಿಕೊಳ್ಳುವುದು ಇಲ್ಲಿ.

ಅಪರಿಚಿತರ ನೋಟದ ಬಗ್ಗೆ ನಮ್ಮ ಜನರಲ್ಲಿ ಒಂದು ಹಳೆಯ ತಿಳಿವಳಿಕೆಯೂ ಇದೆ. ಅದಕ್ಕೆ ದೃಷ್ಟಿ ಎಂದು ಹೆಸರು. ಹೊಸ ಗಾಡಿಯ ಗಾಲಿಗೆ ನಿಂಬೆಹಣ್ಣು ಇಡುವುದು, ಮುಂಭಾಗಕ್ಕೆ ಮೆಣಸಿನಕಾಯಿ ಕಟ್ಟುವುದು, ಖಂಡೇಪೂಜೆಯ ದಿನ ಕುಂಬಳಕಾಯಿ ಒಡೆಯುವುದು, ಇವೆಲ್ಲ ಇನ್ನೊಬ್ಬರ ಕಣ್ಣು ತನ್ನ ಸೊತ್ತಿನ ಮೇಲೆ ಬಿದ್ದರೆ ಕೇಡಾದೀತು ಎಂಬ ಭಯದ ಆಚರಣೆಗಳು. ವಿಚಿತ್ರವೆಂದರೆ, ಎಲ್ಲರೂ ನೋಡಲಿ ಎಂದೇ ಕೊಂಡ ಕಾರಿಗೂ ಯಾರ ಕಣ್ಣೂ ತಾಗದಿರಲಿ ಎಂದು ನಿಂಬೆಹಣ್ಣು ಕಟ್ಟಲಾಗುತ್ತದೆ.

ಹಾರ್ನ್ ಹೇಳುವ ಸತ್ಯ

ಜನರು ದುಬಾರಿ ಕಾರಿಗೆ ನಿಜವಾಗಿ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬೀದಿಯಲ್ಲೇ ಪರೀಕ್ಷಿಸಿದ್ದಾರೆ. ಆಂಥನಿ ಡೂಬ್ ಮತ್ತು ಆಲನ್ ಗ್ರಾಸ್ ಎಂಬ ಸಂಶೋಧಕರು 1968ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಪ್ರಸಿದ್ಧವಾದುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅವರು ಹಸಿರು ದೀಪ ಬಂದರೂ ಕಾರನ್ನು ಕದಲಿಸದೆ ನಿಲ್ಲಿಸಿದರು. ಮುಂದಿದ್ದುದು ಹಳೆಯ ಅಗ್ಗದ ಕಾರಾದಾಗ ಹಿಂದಿನ ಚಾಲಕರಲ್ಲಿ ಶೇ. 84ರಷ್ಟು ಮಂದಿ 12 ಸೆಕೆಂಡುಗಳೊಳಗೆ ಹಾರ್ನ್ ಬಾರಿಸಿದರು. ಮುಂದಿದ್ದುದು ಹೊಳೆಯುವ ದುಬಾರಿ ಕಾರಾದಾಗ ಹಾರ್ನ್ ಬಾರಿಸಿದವರು ಅರ್ಧದಷ್ಟು ಮಾತ್ರ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇದೇ ಸನ್ನಿವೇಶವನ್ನು ಕಾಗದದ ಮೇಲೆ ವಿವರಿಸಿ ವಿದ್ಯಾರ್ಥಿಗಳನ್ನು ಕೇಳಿದಾಗ, ದುಬಾರಿ ಕಾರಿಗೇ ತಾವು ಬೇಗ ಹಾರ್ನ್ ಬಾರಿಸುವುದಾಗಿ ಹುಡುಗರು ಉತ್ತರಿಸಿದ್ದರು. ಎಂದರೆ ಮನುಷ್ಯ ಮಾತಿನಲ್ಲಿ ಶ್ರೀಮಂತನನ್ನು ಎದುರಿಸುತ್ತಾನೆ, ರಸ್ತೆಯಲ್ಲಿ ತಗ್ಗುತ್ತಾನೆ. ಚಹಾದಂಗಡಿಯಲ್ಲಿ "ಯಾವ ದುಡ್ಡೋ ಏನೋ" ಎನ್ನುವವರೇ ಕಾರು ಎದುರಿಗೆ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಡುವುದರ ಮರ್ಮ ಇದೇ ಇರಬಹುದು.

ಹೀಗೆ ಬಿಟ್ಟುಕೊಟ್ಟ ದಾರಿಯನ್ನು ಮಾಲೀಕ ಪ್ರೀತಿಯೆಂದು ತಿಳಿದರೆ ತಪ್ಪಾದೀತು. ಸ್ಟೀಫನ್ ಗಾರ್ಸಿಯಾ ಮತ್ತು ಸಹ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಹೀಗಿದೆ: ಹೊಸ ಸ್ನೇಹಿತರನ್ನು ಸಂಪಾದಿಸಲು ದುಬಾರಿ ಕಾರು, ಗಡಿಯಾರ, ಉಡುಪುಗಳು ನೆರವಾಗುತ್ತವೆ ಎಂದು ಜನ ನಂಬುತ್ತಾರೆ, ಆದರೆ ಸ್ನೇಹಿತರನ್ನು ಆರಿಸಿಕೊಳ್ಳುವ ಸರದಿ ಬಂದಾಗ ಅದೇ ಜನ ಸಾದಾ ವಸ್ತುಗಳಿರುವವರನ್ನೇ ಹೆಚ್ಚು ಇಷ್ಟಪಡುತ್ತಾರೆ. ಕಾರಿನ ಮುಂದೆ ತೆಗೆದ ನೂರು ಫೋಟೊಗಳಲ್ಲಿ ಮಾಲೀಕನಿರುವುದು ಎಷ್ಟರಲ್ಲಿ ಎಂದು ಎಣಿಸಿದರೆ ಈ ಮಾತು ಮನವರಿಕೆಯಾಗುತ್ತದೆ. ಎತ್ತಿನ ಮುಂದೆ ನಿಂತವರು "ಯಾರದು?" ಎಂದು ಕೇಳುತ್ತಾರೆ. ಕಾರಿನ ಮುಂದೆ ನಿಂತವರು "ಎಷ್ಟು?" ಎಂದು ಕೇಳುತ್ತಾರೆ.

ಎರಡು ಬಗೆಯ ಅಸೂಯೆ

ನೆದರ್ಲೆಂಡ್ಸಿನ ಸಂಶೋಧಕ ನೀಲ್ಸ್ ವಾನ್ ಡೆ ವೆನ್ ಮತ್ತು ಸಂಗಡಿಗರು 2009ರಲ್ಲಿ ಅಸೂಯೆಯನ್ನು ಎರಡಾಗಿ ವಿಂಗಡಿಸಿ ತೋರಿಸಿದರು. ಮೊದಲನೆಯದು, ತಾನೂ ಆ ಮಟ್ಟಕ್ಕೆ ಏರಬೇಕೆಂಬ ಹಂಬಲ. ಎರಡನೆಯದು, ಅವನು ಕೆಳಗೆ ಬೀಳಲಿ ಎಂಬ ಹೊಟ್ಟೆಕಿಚ್ಚು. ಇನ್ನೊಬ್ಬನಿಗೆ ಸಿಕ್ಕಿದ್ದು ಅವನ ಯೋಗ್ಯತೆಗೆ ತಕ್ಕದ್ದು ಎನ್ನಿಸಿದರೆ ಹಂಬಲ ಹುಟ್ಟುತ್ತದೆ. ಅನ್ಯಾಯವಾಗಿ ದಕ್ಕಿದ್ದು ಎನ್ನಿಸಿದರೆ ಕಿಚ್ಚು ಹೊತ್ತುತ್ತದೆ.

ಭಾರತದಲ್ಲಿ ಇದಕ್ಕೆ ಸಚಿನ್ ತೆಂಡೂಲ್ಕರ್ ಅವರ ಫೆರಾರಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಡಾನ್ ಬ್ರಾಡ್‌ಮನ್ ಅವರ 29 ಟೆಸ್ಟ್ ಶತಕಗಳ ಸಾಧನೆಯನ್ನು 2002ರಲ್ಲಿ ಸರಿಗಟ್ಟಿದ ಸಚಿನ್ ಅವರಿಗೆ ಫಿಯೆಟ್ ಸಂಸ್ಥೆ ಫೆರಾರಿ 360 ಮೊಡೆನಾ ಕಾರನ್ನು ಉಡುಗೊರೆಯಾಗಿ ನೀಡಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಕೀಲಿಕೈ ಕೊಟ್ಟವರು ಮೈಕೆಲ್ ಶೂಮಾಕರ್. ದೇಶವೇ ಸಂಭ್ರಮಿಸಿತು. ಆದರೆ ಕಾರನ್ನು ಭಾರತಕ್ಕೆ ತರುವಾಗ ತೆರಬೇಕಿದ್ದ ಸುಮಾರು 1.13 ಕೋಟಿ ರೂ. ಆಮದು ಸುಂಕವನ್ನು ಕೇಂದ್ರ ಸರಕಾರ 2003ರಲ್ಲಿ ಮನ್ನಾ ಮಾಡಿದಾಗ ಅದೇ ಜನರಿಂದ ಆಕ್ಷೇಪ ಕೇಳಿಬಂತು. ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಸುಂಕ ಭರಿಸಲು ಫಿಯೆಟ್ ಸಂಸ್ಥೆಯೇ ಮುಂದಾಯಿತು. ಆ ಕಾರಿಗೆ ಸಚಿನ್ ಯೋಗ್ಯರಲ್ಲ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಕಟ್ಟುವ ಸುಂಕದಿಂದ ಅವರಿಗೇಕೆ ವಿನಾಯಿತಿ ಎಂಬುದಷ್ಟೇ ಜನರ ಪ್ರಶ್ನೆಯಾಗಿತ್ತು.

ಕರ್ನಾಟಕದಲ್ಲಿ ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಮತ್ತೆ ಎದ್ದಿದೆ. ರಾಜ್ಯದಲ್ಲಿ 20 ಲಕ್ಷ ರೂ.ಗಿಂತ ಹೆಚ್ಚು ಬೆಲೆಯ ಕಾರಿಗೆ ಶೇ. 18ರಷ್ಟು ಜೀವಾವಧಿ ತೆರಿಗೆಯಿದ್ದು, ಅದರ ಮೇಲೆ ಸೆಸ್ ಬೇರೆ. ಈ ಹೊರೆ ತಪ್ಪಿಸಿಕೊಳ್ಳಲು ಹಲವರು ತೆರಿಗೆ ಕಡಿಮೆಯಿರುವ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಇಲ್ಲಿ ಓಡಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಫೆರಾರಿ, ಪೋರ್ಷೆ ಸೇರಿದಂತೆ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದಲೇ ಸುಮಾರು 1.41 ಕೋಟಿ ರೂ. ತೆರಿಗೆ ವಸೂಲಾಯಿತು. ಬೆಳಗಾವಿಯಂತಹ ಗಡಿ ಜಿಲ್ಲೆಯಲ್ಲಿ ಪಕ್ಕದ ರಾಜ್ಯಗಳ ಫಲಕ ಹೊತ್ತ ವಾಹನಗಳು ನಿತ್ಯದ ನೋಟ. ಬಂದುಹೋಗುವವರು ಇಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ. ಆದರೂ ದುಬಾರಿ ಕಾರನ್ನು ಕಂಡಾಗ ಸ್ಥಳೀಯರ ಕಣ್ಣು ಈಗ ಮೊದಲು ಹೊರಳುವುದು ನಂಬರ್ ಫಲಕದ ಕಡೆಗೆ. ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದರೆ ನೋಟಿಸ್ ಪಡೆಯುವ ರೈತನಿಗೆ ಕೋಟಿಯ ಕಾರಿನ ತೆರಿಗೆ ಬಾಕಿ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಚಾಲಕನೂ ಬದಲಾಗುತ್ತಾನೆ

ಜನರ ನೋಟ ಚಾಲಕನನ್ನು ಮುಟ್ಟದೆ ಬಿಡುವುದಿಲ್ಲ. ಕೆನಡಾದ ಕಾನ್ಕಾರ್ಡಿಯಾ ವಿಶ್ವವಿದ್ಯಾಲಯದ ಗ್ಯಾಡ್ ಸಾದ್ ಮತ್ತು ಜಾನ್ ವೋಂಗಾಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವಕರಿಗೆ ಒಮ್ಮೆ ಪೋರ್ಷೆ, ಇನ್ನೊಮ್ಮೆ ಹಳೆಯ ಟೊಯೊಟಾ ಕಾರು ಓಡಿಸಲು ಕೊಡಲಾಯಿತು. ಪೋರ್ಷೆ ಓಡಿಸಿದಾಗ ಅವರ ದೇಹದಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನಿನ ಪ್ರಮಾಣ ಏರಿದ್ದು ಕಂಡುಬಂತು. ಪಾಲ್ ಪಿಫ್ ಮತ್ತಿತರರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದಚಾರಿಗಳು ದಾಟುವ ಜಾಗದಲ್ಲಿ ಅತಿ ದುಬಾರಿ ಕಾರುಗಳ ಪೈಕಿ ಅರ್ಧಕ್ಕೆ ಸಮೀಪದಷ್ಟು ನಿಲ್ಲದೆ ಮುಂದೆ ಸಾಗಿದ್ದವು. ಅತಿ ಅಗ್ಗದ ಕಾರುಗಳೆಲ್ಲ ನಿಂತಿದ್ದವು. ಇದು ಒಂದು ಪ್ರದೇಶದ ಸಣ್ಣ ಅಧ್ಯಯನವಾದ್ದರಿಂದ ಎಲ್ಲ ಮಾಲೀಕರಿಗೂ ಅನ್ವಯಿಸಿ ಹೇಳುವುದು ಸರಿಯಲ್ಲ. ಆದರೆ ಎಲ್ಲರೂ ದಾರಿ ಬಿಡುತ್ತಾರೆ ಎಂಬುದು ರೂಢಿಯಾದಾಗ ದಾರಿ ಬಿಡುವುದು ಮರೆತುಹೋಗಬಹುದು ಎಂಬ ಎಚ್ಚರಿಕೆ ಇದರಲ್ಲಿದೆ.

ಗುಂಪಿನ ಪಾಲೂ ಇದರಲ್ಲಿ ಕಡಿಮೆಯಿಲ್ಲ. "ಒಮ್ಮೆ ರೇಸ್ ಮಾಡ್ರೀ" ಎಂಬ ಕೂಗು ಬೀಳದ ಊರಿಲ್ಲ. ಎಂಜಿನ್ ಗುಡುಗಿದರೆ ಶಿಳ್ಳೆ, ಚಪ್ಪಾಳೆ. ಊರು ಬಿಡುವಾಗ ಬೈಕಿನಲ್ಲಿ ಬೆನ್ನುಹತ್ತಿ ಒಂದೇ ಕೈಯಲ್ಲಿ ವಿಡಿಯೊ ಮಾಡುವ ಹುಡುಗರೂ ಇರುತ್ತಾರೆ. ಕಣ್ಣೆದುರಿಗಿಲ್ಲದ ನೋಡುಗರ ಒತ್ತಡವಂತೂ ಇನ್ನೂ ದೊಡ್ಡದು. 2020ರಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಮೇಲೆ ಯುವಕನೊಬ್ಬ 1000 ಸಿಸಿ ಬೈಕನ್ನು ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಓಡಿಸಿ, ಅದರ ವಿಡಿಯೊ ಹರಿಬಿಟ್ಟು ಪೊಲೀಸರ ಅತಿಥಿಯಾದದ್ದು ಇದಕ್ಕೆ ನಿದರ್ಶನ.

ಹಳ್ಳಿಯ ರಸ್ತೆಯಲ್ಲಿ ಈ ವೇಗದ ಅರ್ಥವೇ ಬೇರೆ. ಏಳು ಮೀಟರ್ ಅಗಲದ ರಸ್ತೆ ದಾಟಲು ನಡೆಯುವವರಿಗೆ ಸುಮಾರು ಆರು ಸೆಕೆಂಡು ಬೇಕು. ಗಂಟೆಗೆ 40 ಕಿ.ಮೀ. ವೇಗದ ಬಸ್ಸು ಅಷ್ಟರಲ್ಲಿ ಕ್ರಮಿಸುವುದು ಸುಮಾರು 65 ಮೀಟರ್, 100 ಕಿ.ಮೀ. ವೇಗದ ಕಾರು 160 ಮೀಟರಿಗೂ ಹೆಚ್ಚು. ಜೀವಮಾನವಿಡೀ ಬಸ್ಸಿನ ವೇಗಕ್ಕೆ ಕಣ್ಣು ಹೊಂದಿಸಿಕೊಂಡ ಅಜ್ಜಿ "ಇನ್ನೂ ದೂರ ಐತಿ" ಎಂದು ಹೆಜ್ಜೆಯಿಟ್ಟರೆ ಆಕೆಯ ಲೆಕ್ಕ ತಪ್ಪುವುದು ಆಕೆಯ ದೋಷದಿಂದಲ್ಲ. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತವೆ. ಹಿಂಬದಿ ದೀಪವಿಲ್ಲದವೂ ಅವುಗಳಲ್ಲಿ ಸೇರಿರುತ್ತವೆ. ಸಂಜೆ ಮೇವು ಮುಗಿಸಿ ಮರಳುವ ದನಗಳೂ ಅದೇ ರಸ್ತೆಯಲ್ಲಿರುತ್ತವೆ.

ಕೋಪದ ಗಳಿಗೆ

ಮೆಚ್ಚುಗೆ ಕ್ಷಣಾರ್ಧದಲ್ಲಿ ಕೋಪವಾಗುವುದು ಅಪಘಾತದ ಹೊತ್ತಿನಲ್ಲಿ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರು ಡಿಕ್ಕಿಯಾಗಿ ಮೋಟಾರ್‌ಸೈಕಲ್‌ನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಮೃತಪಟ್ಟರು. ಕಾರು ಚಲಾಯಿಸುತ್ತಿದ್ದ ಆರೋಪ ಹೊತ್ತವನು 17 ವರ್ಷದ ಬಾಲಕ. ಸ್ಥಳದಲ್ಲಿದ್ದವರು ಅವನನ್ನು ಹಿಡಿದು ಥಳಿಸಿದರು. ಆದರೆ ದೇಶದಾದ್ಯಂತ ಆಕ್ರೋಶ ಭುಗಿಲೆದ್ದದ್ದು ಆಮೇಲಿನ ಬೆಳವಣಿಗೆಗಳಿಂದ. 300 ಪದಗಳ ಪ್ರಬಂಧ ಬರೆಯಬೇಕೆಂಬುದೂ ಸೇರಿದ ಷರತ್ತುಗಳ ಮೇಲೆ ಅವನಿಗೆ ಜಾಮೀನು ದೊರೆಯಿತು. ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರು ಬಂಧಿತರಾದರು. ಕೋಟಿಗೂ ಮಿಕ್ಕಿ ಬೆಲೆಯ ಆ ಕಾರಿನ ಕಾಯಂ ನೋಂದಣಿ 1,758 ರೂ. ಶುಲ್ಕ ಕಟ್ಟದೆ ಬಾಕಿ ಉಳಿದಿತ್ತೆಂಬುದು ಬೆಳಕಿಗೆ ಬಂತು. ಇಲ್ಲಿಯೂ ಜನರನ್ನು ಕೆರಳಿಸಿದ್ದು ಹಣವಂತನಿಗೆ ನಿಯಮವೇ ಬೇರೆ ಎಂಬ ಭಾವನೆ. ಸಚಿನ್ ಅವರ ಸುಂಕದ ಹೊತ್ತಿನಲ್ಲಿ ಎದ್ದಿದ್ದ ಪ್ರಶ್ನೆಯೇ ಇಲ್ಲಿ ಎರಡು ಜೀವಗಳ ನಷ್ಟದೊಂದಿಗೆ ಮರಳಿ ಬಂದಿತ್ತು.

ಗುಂಪಿನ ಈ ಸಿಟ್ಟನ್ನು ಕಾನೂನು ಕೂಡ ಗುರುತಿಸಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಅಪಘಾತವಾದಾಗ ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಕರ್ತವ್ಯ. ಉದ್ರಿಕ್ತ ಗುಂಪಿನ ಕಾರಣದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿಯಿದೆ. ಆಗಲೂ 24 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ವರದಿ ಮಾಡಲೇಬೇಕು. ಇದರ ಪರಿಣಾಮವನ್ನು ಗುಂಪು ಸೇರುವವರೂ ಯೋಚಿಸಬೇಕಾಗುತ್ತದೆ. ಕೈ ಎತ್ತುವ ಗುಂಪು ಚಾಲಕನಿಗೆ ಓಡಿಹೋಗಲು ಕಾರಣ ಒದಗಿಸುತ್ತದೆ. ಅದರ ಬೆಲೆ ತೆರುವವನು ರಸ್ತೆಯಲ್ಲಿ ಬಿದ್ದಿರುವ ಗಾಯಾಳು. 2019ರ ತಿದ್ದುಪಡಿಯಲ್ಲಿ ಸೇರಿಸಲಾದ 134ಎ ಕಲಮು ಗಾಯಾಳುವಿಗೆ ಸದುದ್ದೇಶದಿಂದ ನೆರವಾಗುವ ದಾರಿಹೋಕರಿಗೆ ಮೊಕದ್ದಮೆಯ ಭಯವಿಲ್ಲದಂತೆ ರಕ್ಷಣೆ ನೀಡಿದೆ.

ಇಬ್ಬರೂ ಮಾಡಬಹುದಾದದ್ದು

ಮಾಲೀಕರ ಪಾಲಿಗೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಊರೊಳಗೆ ವೇಗ ತಗ್ಗಿಸುವುದು, ಶಾಲೆ ಬಿಡುವ ಹೊತ್ತಿನಲ್ಲಿ ಕಾಯುವುದು, ರೇಸ್ ಮಾಡಿ ಎಂಬ ಕೂಗಿಗೆ ನಕ್ಕು ಇಲ್ಲವೆನ್ನುವುದು. ಸೈಲೆನ್ಸರ್ ಬದಲಿಸಿ ಮಿತಿಮೀರಿ ಸದ್ದು ಮಾಡುವುದು ಕಾಯ್ದೆಯ 190(2)ನೇ ಕಲಮಿನಡಿ ಅಪರಾಧವಾಗಿದ್ದು, 10 ಸಾವಿರ ರೂ.ವರೆಗೆ ದಂಡಕ್ಕೆ, ಮೂರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ನಿಂತಾಗ ಗಾಜು ಇಳಿಸಿ ನಾಲ್ಕು ಮಾತಾಡಿದರೆ, ಮುಟ್ಟಬೇಡಿ ಎಂಬ ಮಾತನ್ನೂ ಜನ ಬೇಸರವಿಲ್ಲದೆ ಕೇಳುತ್ತಾರೆ.

ನೋಡುವವರಿಗೂ ಕೆಲವು ಮಾತುಗಳು ಸಲ್ಲುತ್ತವೆ. ಕೇಳಿ ಫೋಟೊ ತೆಗೆಯುವುದು, ಮಕ್ಕಳನ್ನು ಗಾಲಿಯ ಬಳಿಯಿಂದ ದೂರ ಇರಿಸುವುದು, ಬೈಕಿನಲ್ಲಿ ಬೆನ್ನಟ್ಟದಿರುವುದು. ಚಾಲಕ ಯುವಕನಾದ ಮಾತ್ರಕ್ಕೆ ಅಪ್ಪನ ದುಡ್ಡೆಂದೂ, ಮಹಿಳೆಯಾದ ಮಾತ್ರಕ್ಕೆ ಗಂಡನ ಗಾಡಿಯೆಂದೂ ತೀರ್ಮಾನಿಸಬೇಕಾಗಿಲ್ಲ. ಕಷ್ಟಪಟ್ಟು ದುಡಿದು, ತೆರಿಗೆ ಕಟ್ಟಿ, ಬಾಲ್ಯದ ಆಸೆಯೊಂದನ್ನು ತೀರಿಸಿಕೊಂಡವರೂ ಅವರಲ್ಲಿ ಇದ್ದಾರೆ.

ಹಿಂದೆ ಊರಿಗೆ ಅಂಬಾಸಿಡರ್ ಬಂದರೆ ಮಕ್ಕಳು ಧೂಳೆಬ್ಬಿಸಿಕೊಂಡು ಅದರ ಹಿಂದೆ ಓಡುತ್ತಿದ್ದರು. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಮಕ್ಕಳು ಓಡುವುದು ಮಾತ್ರ ನಿಂತಿಲ್ಲ. ಓಡಿಬಂದ ಮಗು ಆ ದಿನ ಕಾರಿನ ಹೆಸರನ್ನು ಮರೆಯಬಹುದು. ಚಾಲಕ ತನಗಾಗಿ ನಿಲ್ಲಿಸಿ ದಾರಿ ಬಿಟ್ಟನೋ ಅಥವಾ ಮೈಮೇಲೆ ಧೂಳು ಚೆಲ್ಲಿ ಹೋದನೋ ಎಂಬುದನ್ನು ಮರೆಯಲಾರದು. ಮುಂದೆ ಅದೇ ಮಗು ದೊಡ್ಡದಾಗಿ ಸ್ಟಿಯರಿಂಗ್ ಹಿಡಿದಾಗ ನೆನಪಿಗೆ ಬರುವ ಪಾಠವೂ ಅದೇ ಆಗಿರುತ್ತದೆ.